ನೂರು ಕೆಜಿ ಬಾಲರಾಜು

ಐವತ್ತು ತುಂಬುವುದರೊಳಗೆ ನೂರು ಕೆಜಿ ಎತ್ತಿಯೇ ತೀರುತ್ತೇನೆ! ಹೀಗೆಂದು ನಾನು ಶಪಥ ಮಾಡಿದ್ದು ಅಕ್ಕೂರಿನಲ್ಲಿ, ಮಾವನ ಮನೆಯ ಅಂಗಳದಲ್ಲಿ, ತಲೆ ತುಂಬ ಹಿಪ್ಪುನೇರಳೆ ಸೊಪ್ಪು ಅಂಟಿಸಿಕೊಂಡು. ಪುರಾಣದಲ್ಲಿ ಯಾರಾದರೂ ಶಪಥ ಮಾಡಿದರೆ ಆಕಾಶದಿಂದ ಹೂಮಳೆ ಸುರಿಯುತ್ತದೆ. ನನ್ನ ಶಪಥಕ್ಕೆ ಕೊಟ್ಟಿಗೆಯ ಎಮ್ಮೆ ಒಮ್ಮೆ ತಿರುಗಿ ನೋಡಿತು, ಅಷ್ಟೇ.

ನಡೆದದ್ದು ಇಷ್ಟು. ನಮ್ಮ ಮಾವ ದಾಸಪ್ಪನವರಿಗೆ ಎಪ್ಪತ್ನಾಲ್ಕು ವರ್ಷ. ಈಗಲೂ ರೇಷ್ಮೆ ಹುಳು ಸಾಕುತ್ತಾರೆ. ತೋಟದಿಂದ ಸೊಪ್ಪಿನ ಹೊರೆ ಹೊತ್ತು ಬಂದವರು, "ಅಳಿಯಂದ್ರೆ, ಒಸಿ ಇಳಿಸ್ಕಳಿ" ಎಂದರು. ಇಳಿಸಿಕೊಂಡೆ. ಹೊರೆ ನನ್ನ ಮೇಲೆ, ನಾನು ನೆಲದ ಮೇಲೆ! ಕಾಲು ಹಿಡಿದು ನನ್ನನ್ನು ಈಚೆಗೆಳೆದ ಬಾಮೈದ ನಟರಾಜು, "ಬುಡಿ ಬಾವ, ನೀವು ಟಿಕೆಟ್ ಎತ್ತೋರು. ಇದೆಲ್ಲ ನಿಮ್ ಕೈಲಿ ಆಗಾಕಿಲ್ಲ" ಎಂದ. ಮನೆಮಂದಿಯೆಲ್ಲ ನಕ್ಕರು. ನನ್ನ ಹೆಂಡತಿ ಲತಾಮಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಟಿಕೆಟ್ ನನ್ನ ಉದ್ಯೋಗ. ನಾನು ಸರ್ಕಾರಿ ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರ್. ಇಪ್ಪತ್ತೆರಡು ವರ್ಷದಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ರೂಟುಗಳಲ್ಲಿ ಬಸ್ಸು ನಿಲ್ಲಿಸಿ ಹತ್ತುತ್ತಿದ್ದೇನೆ. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತೇನೆ. ಕಿಟಕಿಯಾಚೆ ಅತಿಯಾಗಿ ನೋಡುವವನು, ಇದ್ದಕ್ಕಿದ್ದಂತೆ ನಿದ್ದೆ ಹೋಗುವವನು, ನನ್ನನ್ನು ಕಂಡೊಡನೆ "ನಮಸ್ಕಾರ ಸಾರ್" ಎನ್ನುವವನು, ಮೂವರೂ ಕಳ್ಳರೇ! ಅನುಮಾನವೇ ನನ್ನ ಅನ್ನ. ಮನೆಗೆ ಬಂದ ಮೇಲೂ ಅದನ್ನೇ ಕಲಸಿಕೊಂಡು ಉಣ್ಣುತ್ತೇನೆ ಎಂಬುದು ಲತಾಮಣಿಯ ದೂರು.

ಆದರೆ ನಟರಾಜುವಿನ ಮಾತು ನನಗೆ ನಿಜಕ್ಕೂ ನಾಟಿತು. ಈಚೆಗೆ ಎಲ್ಲ ಕಡೆಯೂ ಇದೇ ಆಗುತ್ತಿತ್ತು. ಸಿಲಿಂಡರ್ ತಂದವನು "ನೀವು ಬಿಡಿ ಅಂಕಲ್" ಎನ್ನುತ್ತಾನೆ, ಅಕ್ಕಿ ಮೂಟೆ ತಂದವನು "ನೀವು ಸರೀರಿ" ಎನ್ನುತ್ತಾನೆ. ಸರಿಯುತ್ತ ಸರಿಯುತ್ತ ನಾನು ಗೋಡೆಗೆ ಬಂದು ತಗಲಿದ್ದೆ. ಇನ್ನು ಸರಿಯುವುದಿಲ್ಲ ಎಂದು ತೀರ್ಮಾನಿಸಿದೆ.

ಮೊದಲು ಜಿಮ್ಮಿಗೆ ಹೋದೆ. ಅಲ್ಲಿನ ಕೋಚು ನನ್ನ ಹೊಟ್ಟೆಯನ್ನು ಒಂದು ಸುತ್ತು ನೋಡಿ, "ಮೂರೇ ತಿಂಗ್ಳು ಅಂಕಲ್" ಎಂದ. ಮೂರೇ ತಿಂಗಳು, ಮೂರೇ ಸ್ಟಾಪು ಎನ್ನುವವರನ್ನು ನಾನು ನಂಬುವುದಿಲ್ಲ. ಮೇಜಿನ ಮೇಲೆ ಹುಲಿಯ ಚಿತ್ರವಿದ್ದ ಡಬ್ಬಿ, ಒಳಗೆ ಬಿಳಿ ಪುಡಿ. ಮೂಸಿ ನೋಡಿದೆ. ಹಾಲಿನ ಪುಡಿಯಂತೆಯೂ ಇತ್ತು, ಸುಣ್ಣದಂತೆಯೂ ಇತ್ತು. ಎದ್ದು ಬಂದೆ.

ಬಿಡದಿಯಲ್ಲಿ ಬಾಗಿಲು ಮುಚ್ಚಿದ್ದ ಒಂದು ಜಿಮ್ಮಿನ ಸಾಮಾನು ಸಿಕ್ಕಿತು. ಒಂದು ಟೊಳ್ಳು ರಾಡು, ಕರಿ ರಬ್ಬರ್ ಹೊದಿಸಿದ ಕಬ್ಬಿಣದ ಪ್ಲೇಟುಗಳು. ನಾನು ಬಿಡುವವನೇ? ಒಂದೊಂದು ಪ್ಲೇಟನ್ನೂ ಗುಜರಿ ಅಂಗಡಿಯ ತಕ್ಕಡಿಗೆ ಹಾಕಿಸಿದೆ. ಹತ್ತು ಎಂದರೆ ಹತ್ತು, ಇಪ್ಪತ್ತು ಎಂದರೆ ಇಪ್ಪತ್ತು! ಮೋಸ ಸಿಗದೆ ನನಗೆ ಸ್ವಲ್ಪ ನಿರಾಸೆಯೇ ಆಯಿತು. ಯಾರೂ ಅದಲು ಬದಲು ಮಾಡದಿರಲಿ ಎಂದು ಪ್ರತಿ ಪ್ಲೇಟಿನ ಮೇಲೂ ಬಿಳಿ ಪೇಂಟಿನಲ್ಲಿ 'ಚೆಕ್ ಮಾಡಿದೆ, ಬಾಲರಾಜು' ಎಂದು ಸಹಿ ಹಾಕಿ ಟೆರೇಸಿನ ಮೇಲೆ ಜೋಡಿಸಿದೆ.

ಮೊದಲ ದಿನ ಮೂವತ್ತು ಎತ್ತಿದೆ. ಎರಡನೆಯ ದಿನ ನಲವತ್ತು. ಮೂರನೆಯ ದಿನ ನಾನು ಎತ್ತಲಿಲ್ಲ, ನನ್ನನ್ನೇ ಎತ್ತಿದರು! ಕಣ್ಣು ಕತ್ತಲೆ ಬಂದು ಕುಸಿದು ಕೂತಿದ್ದೆ. ಡಾಕ್ಟರು ಕೈಗೆ ಪಟ್ಟಿ ಸುತ್ತಿ ಗಾಳಿ ಊದಿ, "ಬಿಪಿ ನೂರಾ ಎಪ್ಪತ್ತು ದಾಟಿದೆ. ಅದು ಇಳಿಯೋವರೆಗೂ ಭಾರ ಮುಟ್ಟಬೇಡಿ" ಎಂದರು. ಅವರ ಮೆಷಿನ್ನಿನ ಮೇಲೆ ನನಗೆ ಅನುಮಾನ ಬಂತು. ಯಾವಾಗ ಚೆಕ್ ಮಾಡಿಸಿದ್ದು ಎಂದು ಕೇಳಿದೆ. ಡಾಕ್ಟರು ಮುಂದಿನವರನ್ನು ಕರೆದರು.

ಮನೆಗೆ ಬಂದ ಮೇಲೆ ಲತಾಮಣಿ ಅತ್ತಳು. "ಯಾರಿಗ್ ತೋರ್ಸಕ್ರೀ ಇದು? ನೀವ್ ಹಂಗೆ ಬಿದ್ದುದ್ದ ನೋಡಿ ನನ್ ಜೀವವೇ ಹೋಗಿತ್ತು."

"ನಿನ್ ತಮ್ಮ ಅಂದದ್ದು ಮರೆತೆಯಾ? ಎತ್ತೋದೇ!"

"ಎತ್ತೀರಾ?"

"ಎತ್ತೀನಿ!"

ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಆಮೇಲೆ ಎರಡು ದಿನ ಆ ವಿಷಯವೇ ಎತ್ತಲಿಲ್ಲ. ಜಗಳ ಮಾಡುವ ಹೆಂಡತಿಯನ್ನು ನಂಬಬಹುದು, ಸುಮ್ಮನಾದ ಹೆಂಡತಿಯನ್ನು ನಂಬಬಾರದು. ನನ್ನ ಅನುಮಾನ ಅಂದಿನಿಂದಲೇ ಶುರುವಾಯಿತು.

ವಾರ ಕಳೆದ ಮೇಲೆ ಅವಳೇ ಬಂದು, "ನೀವು ಎತ್ತಿ. ಬಗ್ಗಿ ಪ್ಲೇಟ್ ಹಾಕೋದು, ತೆಗ್ಯೋದು ನನಗ್ ಬುಡಿ. ನೀವ್ ಮುಟ್ಬ್ಯಾಡಿ, ಸೊಂಟ ಹಿಡ್ಕೊಂಡಾತು" ಎಂದಳು. ಮರುದಿನ ಬೆಳಿಗ್ಗೆ ನಾನು ಮೇಲೆ ಹೋಗುವಷ್ಟರಲ್ಲಿ ರಾಡು ಸಿದ್ಧವಾಗಿತ್ತು. ಲತಾಮಣಿ "ಉಸ್ಸಪ್ಪಾ" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಲವತ್ತು ಕೆಜಿ. ಬಗ್ಗಿದೆ, ಹಿಡಿದೆ, ಎತ್ತಿದೆ. ಸಲೀಸು!

ಹದಿನೈದು ದಿನಕ್ಕೆ ಅರವತ್ತು. ತಿಂಗಳಿಗೆ ಎಂಬತ್ತು. ಕೆಜಿ ಏರುತ್ತಿತ್ತು, ಭಾರ ಏರುತ್ತಿರಲಿಲ್ಲ. ಇದು ಹುರುಳಿಕಾಳಿನ ಸಾರಿನ ಮಹಿಮೆ ಎಂದು ತಿಳಿದು ದಿನಕ್ಕೆರಡು ಲೋಟ ಕುಡಿದೆ. ನಮ್ಮ ವಂಶದಲ್ಲೇ ಎಲ್ಲೋ ಒಬ್ಬ ಪೈಲ್ವಾನನಿದ್ದು ಇಷ್ಟು ದಿನ ನನ್ನೊಳಗೆ ಮಲಗಿದ್ದನೆಂದೂ ತೀರ್ಮಾನಿಸಿದೆ. ಬಸ್ಸಿನಲ್ಲಿ ತೋಳು ಮಡಚಿ ಟಿಕೆಟ್ ಕೇಳತೊಡಗಿದೆ.

ಆದರೆ ಲತಾಮಣಿಯ ನಡವಳಿಕೆ! ವಾರಕ್ಕೊಮ್ಮೆ ಚನ್ನಪಟ್ಟಣಕ್ಕೆ ಹೋಗಿ ಬರುತ್ತಿದ್ದಳು. ಅಲ್ಲಿ ಅವಳ ಸ್ಕೂಲಿನ ಗೆಳತಿ ನಿಖಾತ್ ಲೇತಿನ ಮೇಲೆ ಮರದ ಗೊಂಬೆ ಕಡೆಯುತ್ತಾಳೆ. ಒಂದು ಸಂಜೆ ಅಡುಗೆಮನೆಯಿಂದ ಫೋನಿನ ಪಿಸುಮಾತು ಕೇಳಿಸಿತು. ಬಾಗಿಲ ಮರೆಯಲ್ಲಿ ನಿಂತೆ.

"ಇನ್ನೊಂದ್ ಎರಡು ದೊಡ್ಡವು ಬೇಕು ಕಣೆ ನಿಖಾತ್... ಹೂಂ, ಅದೇ ಬಣ್ಣ... ನಮ್ಮನೆಯವ್ರಿಗೆ ಒಸಿ ಅನುಮಾನ ಬಂದ್ರೂ ನನ್ ಕತೆ ಮುಗೀತು!"

ಬಂತು ನೋಡಿ ಅನುಮಾನ! ರಜೆ ಹಾಕಿ ಮುಂದಿನ ವಾರ ಅವಳ ಹಿಂದೆಯೇ ಇನ್ನೊಂದು ಬಸ್ಸಿನಲ್ಲಿ ಹೋದೆ. ನಿಖಾತ್ ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲಿ ಪೇಪರ್ ಅಡ್ಡ ಹಿಡಿದು ಕೂತೆ. ಲತಾಮಣಿ ಹೊರಗೆ ಬಂದಳು. ಕೈಯಲ್ಲಿ ದೊಡ್ಡ ಗೋಣಿಚೀಲ. ಅದನ್ನು ತರಕಾರಿ ಚೀಲದಂತೆ ಸಲೀಸಾಗಿ ಬೀಸಿಕೊಂಡು ನಡೆದಳು. ತಕ್ಷಣ ನನಗೆ ಎಲ್ಲ ಹೊಳೆಯಿತು. ಗೊಂಬೆಗಳು! ನಟರಾಜುವಿನ ಮಕ್ಕಳಿಗೆ ನನಗೆ ಗೊತ್ತಿಲ್ಲದಂತೆ ಗೊಂಬೆ ಸಾಗಿಸುತ್ತಿದ್ದಾಳೆ. ನನ್ನನ್ನು ನೋಡಿ ನಕ್ಕವನ ಮನೆಗೆ! ಪತ್ತೆ ಮಾಡಿದ ಹೆಮ್ಮೆಯಲ್ಲಿ ಇನ್ನೊಂದು ಟೀ ಕುಡಿದೆ.

ಅಂತೂ ನೂರರ ದಿನ ಬಂತು. ಡಿಗ್ರಿ ಓದುತ್ತಿರುವ ಮಗಳು ಸಿರಿ ಮೊಬೈಲ್ ಹಿಡಿದು ನಿಂತಳು. ನಾನು ಗರ್ಜಿಸಿ ಎತ್ತಿದೆ. 'ನಮ್ಮಪ್ಪ 100 ಕೆಜಿ' ಎಂದು ಬರೆದು ಅವಳು ಅದನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟಳು. ಹೆಬ್ಬೆರಳುಗಳ ಮಳೆ! ಅದರ ನಡುವೆ ನಟರಾಜುವಿನ ವಾಯ್ಸ್ ಮೆಸೇಜು.

"ಬಾವ, ಭಾನುವಾರ ನಮ್ ಹೊಸ ಹುಳುಮನೆ ಪೂಜೆ ಐತೆ. ಪಕ್ಕದಾಗೆ ಗರಡಿ ಮುಂದಿನ ಗುಂಡುಕಲ್ಲು ಗೊತ್ತಲ್ಲ, ತೊಂಬತ್ ಕೇಜಿ. ಅದ್ನ ಎತ್ಬುಡಿ, ಊರ್ ಮುಂದೆ ಕಾಲಿಗ್ ಬೀಳ್ತೀನಿ!"

ಹಿಂದೆ ಆ ಗುಂಡು ಎತ್ತಿದವನಿಗೇ ಅಕ್ಕೂರಿನವರು ಹೆಣ್ಣು ಕೊಡುತ್ತಿದ್ದರಂತೆ. ನನಗೆ ಮಾತ್ರ ಸರ್ಕಾರಿ ಕೆಲಸ ನೋಡಿ ಕೊಟ್ಟುಬಿಟ್ಟಿದ್ದರು. ಇಪ್ಪತ್ತೊಂದು ವರ್ಷದ ಆ ಬಾಕಿಯನ್ನು ತೀರಿಸುವ ಕಾಲ ಬಂದಿತ್ತು.

ಲತಾಮಣಿಯ ಮುಖ ಬಿಳಿಚಿತು. "ಬ್ಯಾಡ ಕಣ್ರೀ. ನನ್ ಮಾತ್ ಕೇಳಿ. ಗುಂಡು ಬ್ಯಾರೆ, ಇದು ಬ್ಯಾರೆ."

"ಓಹೋ! ತಮ್ಮನ ಮರ್ಯಾದೆ ಹೋಗ್ತದೆ ಅಂತ ಸಂಕಟವೋ?"

"ಅಯ್ಯೋ ದ್ಯಾವ್ರೇ, ಹೆಂಗ್ ಹೇಳ್ಲಿ ಇವರಿಗೆ!"

ಅವಳ ಸಂಕಟ ಕಂಡಷ್ಟೂ ನನ್ನ ಅನುಮಾನ ಬಲಿಯಿತು. ಅಕ್ಕ ತಮ್ಮ ಸೇರಿ ಗುಂಡಿಗೆ ಏನಾದರೂ ಮಾಡಿಟ್ಟರೆ? ಸಾಕ್ಷಿಗೆ ಇರಲಿ ಎಂದು ನನ್ನ ರಾಡು, ಪ್ಲೇಟುಗಳನ್ನೂ ಲಗೇಜ್ ಆಟೋದಲ್ಲಿ ತೆಗೆದುಕೊಂಡು ಹೊರಟೆ. ಲತಾಮಣಿ ಒಂದೊಂದೇ ಪ್ಲೇಟನ್ನು ಅಪ್ಪಿಕೊಂಡು ತಾನೇ ಆಟೋಗಿಟ್ಟಳು. ಡ್ರೈವರ್ ಕೈ ಹಾಕಲು ಬಂದರೆ ಗದರಿದಳು.

ಭಾನುವಾರ ಅರ್ಧ ಅಕ್ಕೂರು ಅಲ್ಲಿತ್ತು. ಟವೆಲ್ಲನ್ನು ಸೊಂಟಕ್ಕೆ ಬಿಗಿದು ಗುಂಡಿನ ಮುಂದೆ ನಿಂತೆ. ತಬ್ಬಿದೆ. ಎಳೆದೆ. ಗುಂಡು ಅಲುಗಲಿಲ್ಲ. ಇನ್ನೊಮ್ಮೆ ಎಳೆದೆ. ಪಂಚೆ ಅಲುಗಿತು.

"ಮೋಸ!" ಎಂದು ಕೂಗಿದೆ. "ಕೆಳಗೆ ಸಿಮೆಂಟ್ ಹಾಕಿದ್ದೀರಿ! ಇಪ್ಪತ್ತೆರಡು ವರ್ಷದ ಸರ್ವೀಸು ನನ್ನದು, ನನ್ ಹತ್ರ ನಡೆಯಲ್ಲ!"

ಮಾವ ದಾಸಪ್ಪನವರು ಎಲೆಯಡಿಕೆ ಅಗಿಯುತ್ತ ಬಂದರು. ಬಲಗಾಲನ್ನು ಗುಂಡಿಗೆ ಕೊಟ್ಟು ಒತ್ತಿದರು. ಅದು ವಿಧೇಯವಾಗಿ ಅರ್ಧ ಸುತ್ತು ಉರುಳಿತು. "ಸಿಮೆಂಟ್ ಇಲ್ಲ ಅಳಿಯಂದ್ರೆ" ಎಂದು ಅತ್ತ ಹೋದರು.

ಜನ ನಕ್ಕರು. ನನ್ನ ಕಿವಿ ಬಿಸಿಯಾಯಿತು. "ಕಲ್ಲಿಗೆ ಹಿಡಿಕೆ ಇಲ್ಲ, ಅದಕ್ಕೇ! ನೂರು ಕೆಜಿ ಎತ್ತೋದು ಹೇಗೆ ಅಂತ ತೋರಿಸ್ತೀನಿ, ಬನ್ನಿ!" ಎಂದು ಹುಳುಮನೆಯ ಬಾಗಿಲ ಮುಂದಿನ ಸಿಮೆಂಟು ನೆಲದಲ್ಲಿ ರಾಡು ಇಡಿಸಿದೆ. ಲತಾಮಣಿ ತಲೆ ತಗ್ಗಿಸಿಕೊಂಡೇ ಪ್ಲೇಟು ತೊಡಿಸಿದಳು. ನಾನು ಉಸಿರೆಳೆದು, ಹಲ್ಲು ಕಚ್ಚಿ, ತಲೆಯ ಮೇಲಕ್ಕೇ ಎತ್ತಿಬಿಟ್ಟೆ! ಚಪ್ಪಾಳೆ! ಶಿಳ್ಳೆ! ನಟರಾಜುವಿನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಐವತ್ತರ ಹೊಸ್ತಿಲಲ್ಲಿ ನಾನು ಜಗತ್ತನ್ನೇ ಎತ್ತಿ ಹಿಡಿದಿದ್ದೆ. ಅಷ್ಟು ಸಂತೋಷ ನನಗೆ ಪ್ರಮೋಶನ್ ಬಂದಾಗಲೂ ಆಗಿರಲಿಲ್ಲ. ರಾಡನ್ನು ಹೊಸ್ತಿಲ ಮುಂದೆ ಇಳಿಸಿ, ಕಾಲಿಗೆ ಬೀಳುವವನಿಗಾಗಿ ಕಾಲು ಜೋಡಿಸಿ ನಿಂತೆ.

ಆಗ ಅತ್ತೆ ಶಿವಲಿಂಗಮ್ಮನವರು ಬಂದರು. ಪೂಜೆಗೆ ಹೊತ್ತಾಗಿತ್ತು. ಬಲಗೈಯಲ್ಲಿ ಕಳಸ.

"ಯಾರ್ಲಾ ಇದ್ನ ಬಾಗ್ಲಿಗ್ ಅಡ್ಡ ಮಡಗಿರೋರು?" ಎಂದರು. ಯಾರೂ ಉತ್ತರಿಸುವ ಮೊದಲೇ ಎಡಗೈಯಿಂದ ರಾಡನ್ನು ಎತ್ತಿ, ಪೊರಕೆ ಒರಗಿಸುವಂತೆ ಗೋಡೆಗೆ ಒರಗಿಸಿ, ಬಲಗಾಲಿಟ್ಟು ಒಳಗೆ ಹೋದರು.

ಒಂದು ಪ್ಲೇಟು ರಾಡಿನಿಂದ ಜಾರಿ, ಟಕ ಟಕ ಎಂದು ಉರುಳಿ ಬಂದು ನನ್ನ ಕಾಲ ಬಳಿ ಮಲಗಿತು. ಅಂಚಿನಲ್ಲಿ ಕರಿ ಬಣ್ಣ ಎದ್ದು ಹಾಲಿನಂಥ ಬಿಳಿ ಮರ ಕಾಣುತ್ತಿತ್ತು. ಮೇಲೆ 'ಚೆಕ್ ಮಾಡಿದೆ, ಬಾಲರಾಜು'. ಅಕ್ಷರ ನನ್ನದಕ್ಕಿಂತ ದುಂಡಾಗಿತ್ತು!

ನಟರಾಜು ಅದನ್ನೆತ್ತಿ ಬೆರಳಿನಿಂದ ತಟ್ಟಿದ. "ಬಾವ, ಇದು ಚನ್ನಪಟ್ಟಣದ ಗೊಂಬೆ ಮರ ಅಲ್ವಾ?"

ನಾನು ಲತಾಮಣಿಯ ಕಡೆ ತಿರುಗಿದೆ. ಅವಳು ಅಳುತ್ತ, ಬಯ್ಯುತ್ತ, ಎರಡನ್ನೂ ಒಟ್ಟಿಗೇ ಮಾಡುತ್ತ ಹೇಳಿದಳು: "ಬಿಪಿ ಇಳಿಯೋಗಂಟ ಭಾರ ಮುಟ್ಬ್ಯಾಡಿ ಅಂದ್ರು ಡಾಕ್ಟ್ರು. ನೀವ್ ಕೇಳುದ್ರಾ? ಮೆಷಿನ್ ಸರಿ ಇಲ್ಲ ಅಂದ್ರಿ. ಬ್ಯಾಡ ಅಂದ್ರೆ ಕದ್ದು ಎತ್ತೀರಿ. ನೀವ್ ಬಿದ್ದೋದ್ರೆ ನಾನೇನ್ ಮಾಡ್ಲಿ? ಅದಕ್ಕೇ ನಿಖಾತ್ ಕೈಲಿ ಮಾಡಿಸ್ದೆ. ಎಲ್ಲಾ ಸೇರಿ ಒಂದ್ ಕೊಡ ನೀರಿನ್ ಭಾರ ಬರ್ತದೆ. ದಿನಾ ಬೆವರು ಬಂತು, ಬಿಪಿನೂ ಇಳೀತು. ಏನ್ ತಪ್ಪಾಯ್ತು?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕಂಡವರ ಮೇಲೆಲ್ಲ ಅನುಮಾನಪಟ್ಟ ನಾನು, ನನ್ನನ್ನು ಹೊಗಳಿದ ನೂರು ಕೆಜಿಯನ್ನು ಮಾತ್ರ ತಕ್ಕಡಿಗೆ ಹಾಕಿರಲಿಲ್ಲ. ಇಷ್ಟು ದಿನ ಟಿಕೆಟ್ ಇಲ್ಲದೆ ಕೂತಿದ್ದವನು ನಾನೇ.

ಆದರೂ ಹಳೆಯ ಚಟ ಬಿಡಬೇಕಲ್ಲ! "ಹಾಗಾದ್ರೆ ಅಸಲಿ ಕಬ್ಬಿಣ ಎಲ್ಲಿ?" ಎಂದೆ.

"ಅಡುಗೆಮನೇಲಿ, ರಾಗಿ ಡ್ರಮ್ ಹಿಂದೆ ಅವೆ."

"ಟೆರೇಸಿನಿಂದ ಯಾರು ಇಳಿಸಿದ್ರು?"

"ಇನ್ಯಾರು, ನಾನೇ. ಇಪ್ಪತ್ತರ ಪ್ಲೇಟು ಕಂಕುಳಿಗೊಂದೊಂದು. ಗುಡಿಸೋವಾಗ ಆ ಕಡೆ ಈ ಕಡೆ ಮಡಗ್ತೀನಿ."

ನಟರಾಜು ಹೇಳಿದಂತೆ ಊರ ಮುಂದೆ ಕಾಲಿಗೆ ಬಿದ್ದ. ಅವನ ಅಕ್ಕನ ಕಾಲಿಗೆ.

ಈಗ ಡಾಕ್ಟರೇ ಒಪ್ಪಿದ ಮೇಲೆ ನಾನು ಮೊದಲಿನಿಂದ ಶುರು ಮಾಡಿದ್ದೇನೆ. ಅಸಲಿ ಕಬ್ಬಿಣ, ಹತ್ತು ಕೆಜಿ. ಜೊತೆಗೆ ಲತಾಮಣಿಯೂ ಟೆರೇಸಿಗೆ ಬರುತ್ತಾಳೆ. ಸೆರಗು ಸಿಕ್ಕಿಸಿ, ಐವತ್ತನ್ನು ಎತ್ತಿ ಇಳಿಸಿ, ಒಲೆಯ ಮೇಲೆ ಹಾಲಿದೆ ಎಂದು ಇಳಿದು ಹೋಗುತ್ತಾಳೆ. ಮುಖದಲ್ಲಿ ಒಂದು ಹನಿ ಬೆವರಿಲ್ಲ! ಕಳೆದ ಗುರುವಾರ ನನಗೆ ಅನುಮಾನ ಬಂತು. ನಿಖಾತ್ ಮಾಡಿದ ಪ್ಲೇಟೇ ಇರಬೇಕು ಎಂದುಕೊಂಡು, ಅವಳು ಕೆಳಗಿಳಿದ ಕೂಡಲೇ ಹೋಗಿ ಒಂದೇ ಏಟಿಗೆ ಎಳೆದೆ.

ಕಬ್ಬಿಣವೇ. ಇವತ್ತಿಗೆ ನಾಲ್ಕು ದಿನವಾಯಿತು, ಇದನ್ನೆಲ್ಲ ಮಲಗಿಕೊಂಡೇ ಬರೆಯುತ್ತಿದ್ದೇನೆ.