ಎಮ್ಮೆ ತಿರುಗಿಸಿದ ಸ್ಕೂಟರು

ಅಪಘಾತದ ಸುದ್ದಿ ಬರೆಯುವವರ ಬಳಿ ಒಂದು ಸಿದ್ಧ ಮಾತಿರುತ್ತದೆ: 'ಚಾಲಕನ ನಿಯಂತ್ರಣ ತಪ್ಪಿ'. ಚಾಮರಾಜನಗರದಲ್ಲಿ ವರದಿಗಾರನಾಗಿ ಎಷ್ಟು ಲಾರಿ, ಜೀಪು, ಟ್ರ್ಯಾಕ್ಟರುಗಳ ನಿಯಂತ್ರಣವನ್ನು ನಾನು ಮೇಜಿನ ಮುಂದೆ ಕೂತೇ ತಪ್ಪಿಸಿದ್ದೇನೋ. ಚಾಲಕನ ಸಂಕಟ ತಿಳಿದದ್ದು ಮಾತ್ರ, ಹೆಂಡತಿ ಸರೋಜಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗುಂಡ್ಲುಪೇಟೆಯ ಅವಳ ತವರಿಗೆ ಹೊರಟ ಭಾನುವಾರ. ರಸ್ತೆ ಬದಿಯ ಎಮ್ಮೆಯೊಂದು, ಯಾವ ಅವಸರವೂ ಇಲ್ಲದೆ ಬಂದು, ಹಿಂದಿನ ಚಕ್ರಕ್ಕೆ ಗುದ್ದಿತು. ಸ್ಕೂಟರು ಮಗ್ಗುಲಾಗಿ ಬಿದ್ದು, ಜಾರುತ್ತಲೇ ಅರ್ಧ ಸುತ್ತು ತಿರುಗಿ, ಚಾಮರಾಜನಗರಕ್ಕೆ ಮುಖ ಮಾಡಿ ಮಲಗಿತು. ಎಮ್ಮೆ ಮೇಯಿಸುತ್ತಿದ್ದ ಮುದುಕ ಓಡಿಬಂದು, "ಇದ್ಯಾಕ್ ಸಾ, ಬಂದ್ ದಾರಿಗೇ ತಿರುಗ್ಬುಟ್ರಲ್ಲ, ಮನೇಲೇನಾರ ಮರ್ತ್ ಬಂದ್ಬುಟ್ರಾ?" ಎಂದ.

ಸರೋಜಳ ಮೊಣಕೈ ತರಚಿತ್ತು, ಅಷ್ಟೆ. ಆದರೆ ಮಾರನೆಯ ದಿನದಿಂದ ಅವಳು ಸ್ಕೂಟರ್ ಹತ್ತಲಿಲ್ಲ. ಹರದನಹಳ್ಳಿಯ ಶಾಲೆಯಲ್ಲಿ ಅವಳು ವಿಜ್ಞಾನದ ಟೀಚರು. ದಿನವೂ ನಾನೇ ಬಿಟ್ಟು ಬರುತ್ತಿದ್ದೆ. ಈಗ ಬಸ್ಸಿಗೆ ಹೋಗತೊಡಗಿದಳು. ಹೆಗಲ ಮೇಲೆ ಅವಳ ಕೈಯಿಲ್ಲದ ಸ್ಕೂಟರು ಅದೇಕೋ ನನಗೆ ಒಗ್ಗಲಿಲ್ಲ. ಒಂದು ವಾರ ತಡೆದು, ಊಟಕ್ಕೆ ಕೂತಾಗ ಎಮ್ಮೆಯ ಮೇಲೆ ದೂರು ಹೇಳಿದೆ. ಅವಳು ಮೇಜಿನ ಮೇಲೆ ಸ್ಕೇಲ್ ಇಟ್ಟು ಬೆರಳಿನಿಂದ ತಳ್ಳಿ ತೋರಿಸಿದಳು.

"ನಡುವೆ ತಳ್ಳಿದ್ರೆ ನೆಟ್ಟಗೆ ಹೋಗುತ್ತೆ. ತುದಿಗೆ ತಳ್ಳಿದ್ರೆ ಹೋಗ್ತಾ ಹೋಗ್ತಾ ತಿರುಗುತ್ತೆ, ನೋಡಿ. ಕೋನೀಯ ಸಂವೇಗ. ಎಮ್ಮೆ ಗುದ್ದಿದ್ದು ತುದಿಗೆ. ಗಾಡಿ ಯಾರು ಓಡಿಸ್ತಿದ್ರೂ ತಿರುಗ್ತಿತ್ತು."

"ಹಾಗಾದ್ರೆ ನನ್ನ ತಪ್ಪಿಲ್ಲ?"

"ತಿರುಗಿದ್ದರಲ್ಲಿ ಇಲ್ಲ. ತಿರುಗೋದು ನಿಂತ ಮೇಲೆ ನೀವು ಮೊದಲು ಎತ್ತಿದ್ದು ಏನನ್ನ?"

ಸ್ಕೂಟರನ್ನು. ಅವಳನ್ನು ಎತ್ತಿ ಕೂರಿಸಿದ್ದು ಆ ಮುದುಕ. ಪೆಟ್ರೋಲು ಸೋರುತ್ತಿತ್ತಲ್ಲ ಎಂಬ ಸಮಜಾಯಿಷಿ ನಾಲಿಗೆಯವರೆಗೆ ಬಂದು, ಪುಣ್ಯಕ್ಕೆ ಅಲ್ಲೇ ನಿಂತಿತು.

ನಮ್ಮ ಕಸುಬಿನಲ್ಲಿ ತಪ್ಪು ಮೊದಲ ಪುಟದಲ್ಲಿ ಅಚ್ಚಾಗುತ್ತದೆ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ, ಸಣ್ಣಕ್ಷರದಲ್ಲಿ. ಆ ಅಭ್ಯಾಸದಂತೆಯೇ ತಟ್ಟೆ ನೋಡುತ್ತಾ "ತಪ್ಪಾಯ್ತು" ಎಂದು ಗೊಣಗಿದೆ.

"ಏನಂದ್ರಿ? ಕೇಳಿಸ್ಲಿಲ್ಲ."

ಮತ್ತೆ ಹೇಳಿದೆ, ತಲೆಬರಹದ ಗಾತ್ರದಲ್ಲಿ. ಪಕ್ಕದ ಮನೆಯವರು ಕಿಟಕಿ ತೆರೆದರು.

ಬೆಳಿಗ್ಗೆ ಸ್ಕೂಟರು ಹೊರಗೆ ತೆಗೆದಾಗ ಅವಳು ಬ್ಯಾಗು ಹಿಡಿದು ನಿಂತಿದ್ದಳು. "ಇನ್ನೊಂದ್ಸಲ ಬಿದ್ರೆ ಮೊದಲು ನಾನು, ಆಮೇಲೆ ಗಾಡಿ. ಗೊತ್ತಾಯ್ತಾ?" ಎನ್ನುತ್ತಾ ಹತ್ತಿದಳು. ಗೊತ್ತಾಯಿತು ಎಂದೆ. ಆ ಸಾಲಿನಲ್ಲಿ ನಾನು ಎಷ್ಟನೆಯವನು ಎಂದು ಕೇಳುವ ಧೈರ್ಯವಾಗಲಿಲ್ಲ.