ಕಿವಿಗೆ ಬಿದ್ದ ಹದಿನಾಲ್ಕು ಹಕ್ಕಿಗಳನ್ನು ದಾಖಲೆಗೆ ಸೇರಿಸುವ ಬಗ್ಗೆ

ಇಂದ:
ಸದಸ್ಯೆ ಸಂಖ್ಯೆ 4 (ವೃತ್ತಿ: ದರ್ಜಿ),
ಕೆಳಗಿನ ಮನೆ.

ಗೆ:
ಕಾರ್ಯದರ್ಶಿಯವರು,
ಹಕ್ಕಿ ಹಾಗೂ ಕಾಡುಹೂ ವೀಕ್ಷಣಾ ಸಂಘ
(ನಿವೃತ್ತ ಮುಖ್ಯೋಪಾಧ್ಯಾಯಿನಿ ಮತ್ತು ಅರ್ಜಿದಾರಳ ಒಡಹುಟ್ಟಿದ ಅಕ್ಕ),
ಮೇಲಿನ ಮನೆ.

ವಿಷಯ: ಸದಸ್ಯ ಸಂಖ್ಯೆ 5, ಗಡಿಯಾರ ರಿಪೇರಿಯವರು, ಅಂದರೆ ಅರ್ಜಿದಾರಳ ಪತಿ, ಇವರ ಹೆಸರನ್ನು ಪಟ್ಟಿಗೆ ಮರಳಿ ಸೇರಿಸುವ ಹಾಗೂ ಅರ್ಜಿದಾರಳ ಹನ್ನೊಂದು ಹಕ್ಕಿಗಳನ್ನು ಹೊಡೆದುಹಾಕುವ ಕುರಿತು.

ಉಲ್ಲೇಖ: 1. ಸಂಘದ ನಿಯಮ 3: “ಕಣ್ಣಾರೆ ಕಂಡದ್ದನ್ನು ಮಾತ್ರ ದಾಖಲಿಸತಕ್ಕದ್ದು.”
2. ನಿಯಮ 7: “ಒಂದು ಬೇಸಿಗೆಯಲ್ಲಿ ಒಂದೂ ದಾಖಲೆ ಇಲ್ಲದವರ ಸದಸ್ಯತ್ವ ತಾನಾಗಿ ರದ್ದಾಗತಕ್ಕದ್ದು.”
3. ಕಳೆದ ಮಂಗಳವಾರ ಮೆಟ್ಟಿಲ ಮೇಲೆ ತಾವು ಆಡಿದ ಮಾತು: “ಬಾಯಿಮಾತಲ್ಲಿ ಸಂಘ ನಡೆಯಲ್ಲ ಕಣೆ. ಏನಿದ್ರೂ ಅರ್ಜಿ ಕೊಡು.”

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರಳು ತಮ್ಮ ಗಮನಕ್ಕೆ ತರುವುದೇನೆಂದರೆ:

1. ಸದಸ್ಯ ಸಂಖ್ಯೆ 5ರವರು ಇಪ್ಪತ್ತೆಂಟು ವರ್ಷ ಗಡಿಯಾರ ರಿಪೇರಿ ಮಾಡಿದವರು. ಗಿರಾಕಿ ಗಡಿಯಾರವನ್ನು ಮೇಜಿನ ಮೇಲೆ ಇಡುವ ಮೊದಲೇ, ಕಿವಿಗೊಟ್ಟು, “ಇದು ಕುಂಟ್ತಾ ಇದೆ” ಎನ್ನುತ್ತಿದ್ದರು. ಕಳೆದ ವರ್ಷದಿಂದ ಅವರ ದೃಷ್ಟಿಯ ನಟ್ಟನಡುವೆ ಮಸುಕು ಕೂತಿದೆ. ಯಾವುದನ್ನು ನೋಡುತ್ತಾರೋ ಅದೇ ಕಾಣಿಸುವುದಿಲ್ಲ, ಅಕ್ಕಪಕ್ಕದ್ದು ಒಂದಿಷ್ಟು ಕಾಣುತ್ತದೆ. ಕಣ್ಣಿನ ಡಾಕ್ಟರು ಕೊನೆಯ ಸಲ “ಇನ್ನು ಹೊಸ ಕನ್ನಡಕ ಬೇಡ” ಎಂದರು. ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂದು ದಾರಿಯುದ್ದಕ್ಕೂ ಇಬ್ಬರೂ ಚರ್ಚಿಸಿದರು. ಬೇಸಿಗೆ ಶುರುವಾಗುವ ಹೊತ್ತಿಗೆ ಅಂಗಡಿಯ ಬಾಗಿಲು ಹಾಕಿದ್ದಾಯಿತು.

2. ಈ ಬೇಸಿಗೆಯ ಮೊದಲ ಭಾನುವಾರ ಸಂಘವು ಎಂದಿನಂತೆ ಕೆರೆಯ ಬೇಲಿಯ ಪಕ್ಕ ನಡೆಯಿತು. ತಾವು ರಿಜಿಸ್ಟರ್ ಹಿಡಿದು ಮುಂದೆ, ಇನ್ನೊಬ್ಬ ಸದಸ್ಯರಾದ ಔಷಧದಂಗಡಿಯವರು ಸೀನುತ್ತಾ ನಡುವೆ, ದಂಪತಿಗಳು ಹಿಂದೆ. ಪತಿಯವರು ಬೇಲಿಗೆ ಕೈಯಿಟ್ಟು, “ಏನಾದ್ರೂ ಇದ್ಯೇನೇ?” ಎಂದು ಕೇಳಿದರು. ಏನೂ ಇರಲಿಲ್ಲ. ಆದರೆ ಅವರು ಕೇಳಿದ ರೀತಿ ಹೇಗಿತ್ತೆಂದರೆ, ಅರ್ಜಿದಾರಳ ಬಾಯಿಂದ ತಾನಾಗಿ ಬಂತು: “ಮಿಂಚುಳ್ಳಿ! ಕಂಬದ ಮೇಲೆ. ಅಯ್ಯೋ, ಎಂಥಾ ನೀಲಿ ಅಂತೀರಿ. ನೋಡ್ತಾ ಇದೆ... ನೋಡ್ತಾ ಇದೆ... ಹಾ, ನೀರಿಗೆ ಬಿತ್ತು!” ಪತಿಯವರ ಮುಖ ಅರಳಿತು. ಅಂಗಡಿ ಮುಚ್ಚಿದ ಮೇಲೆ ಆ ಮುಖ ಅರಳಿದ್ದು ಅದೇ ಮೊದಲು. ತಾವು ತಕ್ಷಣ ಹಿಂದಕ್ಕೆ ತಿರುಗಿ, ದಿನಾಂಕ, ವೇಳೆ ಹಾಕಿ ಬರೆದುಕೊಂಡಿರಿ.

ಆದಕಾರಣ, ಆ ಮಿಂಚುಳ್ಳಿಯು ಈಗಲೂ ದಾಖಲೆಯಲ್ಲಿದೆ. ಕೆರೆಯಲ್ಲಿ ಎಂದೂ ಇರಲಿಲ್ಲ.

3. ಒಂದು ಸಲ ರುಚಿ ಹತ್ತಿದ ಮೇಲೆ ಕೈ ನಿಲ್ಲುವುದು ಕಷ್ಟ. ಅರ್ಜಿದಾರಳು ಹೊಲಿಗೆ ಮುಗಿಸಿ ಹಕ್ಕಿಗಳ ಪುಸ್ತಕ ತೆಗೆದು, ಮುಂದಿನ ಭಾನುವಾರಕ್ಕೆ ಬೇಕಾದ ಹಕ್ಕಿಗಳನ್ನು ಅಳತೆಗೆ ತಕ್ಕಂತೆ ಸಿದ್ಧ ಮಾಡಿಟ್ಟುಕೊಳ್ಳತೊಡಗಿದಳು. ಹೀಗೆ ಒಟ್ಟು ಹನ್ನೊಂದು. ಹೂವಿನ ವಿಷಯದಲ್ಲಿ ಮಾತ್ರ ಆಕೆ ನೂರಕ್ಕೆ ನೂರು ಪ್ರಾಮಾಣಿಕಳು. ಯಾಕೆಂದರೆ ಹೂವು ಎಂದೊಡನೆ ಪತಿಯವರು ಬಗ್ಗಿ ಕೈಚಾಚುತ್ತಾರೆ. ಹಾರಿಹೋಯಿತು ಎನ್ನಲು ಬರುವುದಿಲ್ಲ.

4. ಇದೇ ಅವಧಿಯಲ್ಲಿ ಪತಿಯವರು ಮಾಡಿದ್ದೇನೆಂಬುದನ್ನೂ ದಯವಿಟ್ಟು ನೋಡುವುದು. “ಬಲಗಡೆ, ಎತ್ತರದಲ್ಲಿ, ಮರಕುಟಿಗ. ಮರ ಒಳಗೆ ಟೊಳ್ಳು” ಎಂದರು. ತಾವು ಕೇಳಿದಿರಿ, “ಯಾರಿಗಾದ್ರೂ ಕಾಣಿಸ್ತಾ?” ಯಾರಿಗೂ ಕಾಣಿಸಲಿಲ್ಲ. “ಹಾಗಾದ್ರೆ ಇಲ್ಲ” ಎಂದು ಪೆನ್ನಿನ ಮುಚ್ಚಳ ಹಾಕಿದಿರಿ. ಚಂದ್ರಮುಕುಟವು ಇಟ್ಟಿಗೆ ಗೋಡೆಯ ಆಚೆ ಮೂರು ಸಲ ಕೂಗಿದ್ದನ್ನು ಅವರು ತಿಳಿಸಿದರು. ಗೋಡೆಯಾಚೆಯದು ಸಂಘದ ವ್ಯಾಪ್ತಿಗೆ ಬರುವುದಿಲ್ಲ ಎಂದಿರಿ. ನೆಗ್ಗಿಲು ಹೂವನ್ನು ಅವರು ಬೂಟಿನ ತಳ ತೂರಿ ಬಂದ ಮುಳ್ಳಿನಿಂದಲೇ ಗುರುತಿಸಿದರು. ತಾವು ಆಗಲೂ, “ಬಣ್ಣ ಹೇಳದೆ ಹೂವು ಬರೆಯೋ ಹಾಗಿಲ್ಲ” ಎಂದಿರಿ. ಅವರು ಒಂಟಿಕಾಲಲ್ಲಿ ನಿಂತು, “ಹಳದಿ. ಚುಚ್ಚಿದ್ದೂ ಹಳದಿಯಾಗೇ ಚುಚ್ತು” ಎಂದರು. ಔಷಧದಂಗಡಿಯವರು ನಕ್ಕರು. ತಾವು ನಗಲಿಲ್ಲ, ಬರೆಯಲೂ ಇಲ್ಲ.

5. ನಡುಬೇಸಿಗೆಯ ಸಭೆಯಲ್ಲಿ ತಾವು ಅರ್ಜಿದಾರಳಿಗೆ “ಋತುವಿನ ಸೂಕ್ಷ್ಮ ಕಣ್ಣು” ಎಂಬ ಪ್ರಶಸ್ತಿಪತ್ರವನ್ನು ತಮ್ಮ ದುಂಡು ಅಕ್ಷರದಲ್ಲಿ ಬರೆದು ಕೊಟ್ಟಿರಿ. “ನನ್ನ ತಂಗಿಗೆ ಈ ವಯಸ್ಸಲ್ಲಾದ್ರೂ ಕಣ್ಣು ತೆರೀತು” ಎಂದೂ ಹೇಳಿದಿರಿ. ಹುಟ್ಟಿದಾಗಿನಿಂದ ಅಕ್ಕನ ಬಾಯಿಂದ ಒಂದು ಹೊಗಳಿಕೆಗೆ ಕಾದವಳು ಅದನ್ನು ತಲೆತಗ್ಗಿಸಿ ಸ್ವೀಕರಿಸಿದಳು. ನಾಚಿಕೆಯಿಂದ ಎಂದು ಎಲ್ಲರೂ ಭಾವಿಸಿದರು. ಅದು ನಿಜವೇ, ನಾಚಿಕೆಯ ಕಾರಣ ಮಾತ್ರ ಬೇರೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಪತಿಯವರು.

6. ಕಳೆದ ಭಾನುವಾರ, ಬೇಸಿಗೆಯ ಕೊನೆಯ ಸಭೆಯಲ್ಲಿ, ತಾವು ನಿಯಮ 7ನ್ನು ಓದಿ ಸದಸ್ಯ ಸಂಖ್ಯೆ 5ರ ಮೇಲೆ ಗೆರೆ ಎಳೆದಿರಿ. ತಮಗೆ ದುರುದ್ದೇಶವಿರಲಿಲ್ಲವೆಂದು ಅರ್ಜಿದಾರಳು ಬಲ್ಲಳು. “ಪಾಪ, ಅವರಿಗ್ಯಾಕೆ ಸುಮ್ನೆ ಶ್ರಮ? ಮನೇಲಿ ಆರಾಮಾಗಿರ್ಲಿ” ಎಂದಿರಿ. ಪತಿಯವರು “ಸರಿ ಬಿಡಿ” ಎಂದರು. ಮನೆಗೆ ಬಂದು ಬೂಟು ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ದಾರ ಕಟ್ಟಿದರು.

7. ಆದ್ದರಿಂದ ಸೋಮವಾರ ಬೆಳಿಗ್ಗೆ ಆಕೆ ಆ ದಾರವನ್ನು ಕತ್ತರಿಯಿಂದ ಕತ್ತರಿಸಿ, ಅವರನ್ನು ಎಬ್ಬಿಸಿಕೊಂಡು, ಸಂಘದ ಅನುಮತಿ ಇಲ್ಲದೆ, ಈಗ ರೈಲು ಓಡಾಡದ ಹಳೆಯ ರೈಲು ಅಂಗಳಕ್ಕೆ ಕರೆದೊಯ್ದಳು. ಅವರನ್ನು ಹೇಗಾದರೂ ಖುಷಿಪಡಿಸಬೇಕೆಂದು ಅಂದು ದೊಡ್ಡದಕ್ಕೇ ಕೈಹಾಕಿದಳು. “ರೀ, ಗಿಡುಗ! ಸಿಗ್ನಲ್ ಕಂಬದ ಮೇಲೆ. ಕೊಕ್ಕು ನೋಡಿದ್ರೆ ಭಯ ಆಗತ್ತೆ.”

ಪತಿಯವರು ತಲೆ ವಾಲಿಸಿ ಕಿವಿಗೊಟ್ಟರು. ಆಮೇಲೆ, “ಆ ಗಿಡುಗ ತುಂಬ ಸಾಧು ಇರ್ಬೇಕು. ಕೆಳಗೆ ಗುಬ್ಬಿಗಳು ಮದುವೆಮನೆ ಥರ ಗಲಾಟೆ ಮಾಡ್ತಿವೆ” ಎಂದರು.

ಅರ್ಜಿದಾರಳು ಕಂಬದತ್ತ ಚಾಚಿದ್ದ ಕೈಯನ್ನು ಕೆಳಗಿಳಿಸಿದಳು.

“ಯಾವಾಗ್ಲಿಂದ ಗೊತ್ತು ನಿಮಗೆ?” ಎಂದಳು.

“ಮಿಂಚುಳ್ಳಿಯಿಂದ. ನೀರಿಗೆ ಬಿತ್ತು ಅಂದೆ. ನೀರು ಸದ್ದೇ ಮಾಡ್ಲಿಲ್ಲ.”

“ಮತ್ತೆ ಇಡೀ ಬೇಸಿಗೆ ಬಾಯಿ ಮುಚ್ಕೊಂಡು ಯಾಕಿದ್ರಿ?”

“ನೀನು ಎಷ್ಟು ಚೆನ್ನಾಗಿ ಹೇಳ್ತಿದ್ದೆ! ಮದುವೆಯಾಗಿ ಇಷ್ಟು ವರ್ಷಕ್ಕೆ ನನ್ನ ಹತ್ರ ನೀನು ಅಷ್ಟು ಮಾತಾಡಿದ್ದೇ ಇಲ್ಲ. ಮೆಷಿನ್ ಸದ್ದಲ್ಲಿ ನೀನು, ಗಡಿಯಾರದ ಸದ್ದಲ್ಲಿ ನಾನು. ಹಕ್ಕಿ ಸುಳ್ಳಾದ್ರೇನು, ನಿಲ್ಲಿಸಿಬಿಡ್ತೀಯೇನೋ ಅಂತ ನನಗೇ ಭಯ ಇತ್ತು.” ಮತ್ತೆ ಹೇಳಿದರು: “ಆದ್ರೆ ನಾನು ಹೇಳಿದ್ದೆಲ್ಲಾ ನಿಜವಾಗ್ಲೂ ಇತ್ತು ಕಣೇ. ಅದು ಮಾತ್ರ ಬೇಜಾರು.”

ಅರ್ಜಿದಾರಳು ಅಲ್ಲೇ ಹಳಿಯ ಮೇಲೆ ಕುಳಿತು ಅತ್ತಳು. ಇದನ್ನು ದಾಖಲಿಸುವ ಅಗತ್ಯವಿಲ್ಲ.

8. ತರುವಾಯ ಅವರು, “ಈಗ ನಿಜ ಹೇಳು. ಕಂಬದ ಮೇಲೆ ಏನಿದೆ?” ಎಂದು ಕೇಳಿದರು. ಆಕೆ ಕಣ್ಣೊರೆಸಿಕೊಂಡು ನೋಡಿದಳು. “ಏನೂ ಇಲ್ಲ ರೀ. ತುಕ್ಕು ಹಿಡಿದ ಕಂಬ. ಅದರ ಮೇಲೆ ಆಕಾಶ.”

“ಬರ್ಕೋ” ಎಂದರು.

9. ಮಂಗಳವಾರ ಅರ್ಜಿದಾರಳು ಮೆಟ್ಟಿಲ ಮೇಲೆ ತಮ್ಮನ್ನು ತಡೆದು, “ಅಕ್ಕಾ, ಅವರ ಹೆಸರು ಸೇರಿಸೇ” ಎಂದಷ್ಟೇ ಕೇಳಿದಳು, ಕಾರಣ ಹೇಳುವ ಧೈರ್ಯವಾಗಲಿಲ್ಲ. ತಾವು ಉಲ್ಲೇಖ 3ರಂತೆ ಉತ್ತರಿಸಿದಿರಿ. ಆ ಕಾರಣ, ಈ ಅರ್ಜಿ.

ಮೇಲಿನ ಎಲ್ಲ ಕಾರಣಗಳಿಂದಾಗಿ, ಅರ್ಜಿದಾರಳು ತಮ್ಮಲ್ಲಿ ಕೋರುವುದೇನೆಂದರೆ:

(ಅ) ಸದಸ್ಯೆ ಸಂಖ್ಯೆ 4ರ ಹೆಸರಿನಲ್ಲಿರುವ ಹನ್ನೊಂದು ಹಕ್ಕಿಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು. ಇದರಿಂದ ನಿಯಮ 7 ಅರ್ಜಿದಾರಳಿಗೂ ಅನ್ವಯಿಸುವುದೇ ಎಂಬ ಪ್ರಶ್ನೆ ಬರಬಹುದು. ಆಕೆಯ ಹೂಗಳು ಆರು ಉಳಿಯುತ್ತವೆ, ಎಲ್ಲವೂ ಅಸಲಿ.

(ಆ) ಸದಸ್ಯ ಸಂಖ್ಯೆ 5ರವರು ಬೇಸಿಗೆಯುದ್ದಕ್ಕೂ ಕಿವಿಯಿಂದಲೇ ಗುರುತಿಸಿದ ಹದಿನಾಲ್ಕು ಹಕ್ಕಿ ಮತ್ತು ಒಂದು ಮುಳ್ಳಿನ ಹೂವನ್ನು ಅವರ ಹೆಸರಿನಲ್ಲಿ ಬರೆದುಕೊಂಡು, ಎಳೆದ ಗೆರೆಯನ್ನು ಅಳಿಸುವುದು. “ಪಾಪ” ಎಂಬ ಪದವನ್ನು ನಡಾವಳಿಯಿಂದ ತೆಗೆಯುವುದು.

(ಇ) ಸೋಮವಾರ ಬೆಳಿಗ್ಗೆ ಏಳೂಕಾಲಕ್ಕೆ, ರೈಲು ಅಂಗಳದಲ್ಲಿ, ಸದಸ್ಯರು 4 ಮತ್ತು 5 ಜಂಟಿಯಾಗಿ ಮಾಡಿದ ಈ ಕೆಳಗಿನ ದಾಖಲೆಯನ್ನು ರಿಜಿಸ್ಟರಿಗೆ ಸೇರಿಸುವುದು: “ಸಿಗ್ನಲ್ ಕಂಬ. ಹಕ್ಕಿ: ಇಲ್ಲ.”

ತಮ್ಮ ವಿಶ್ವಾಸಿ (ಇನ್ನು ಮುಂದೆ),
ಸದಸ್ಯೆ ಸಂಖ್ಯೆ 4

ಲಗತ್ತುಗಳು:
1. “ಋತುವಿನ ಸೂಕ್ಷ್ಮ ಕಣ್ಣು” ಪ್ರಶಸ್ತಿಪತ್ರ, ಮೂಲಪ್ರತಿ, ಚೌಕಟ್ಟಿನ ಸಮೇತ. ಚೌಕಟ್ಟು ಬೇಕಾಗಿದೆ, ಹಿಂದಿರುಗಿಸುವುದು.
2. ಮಾತ್ರೆ ಕಟ್ಟುವ ಕಾಗದದ ಚೀಟಿಗಳು, ಹದಿನಾಲ್ಕು. ಪತಿಯವರು ಹೇಳಿದ ಪ್ರತಿಯೊಂದು ಹಕ್ಕಿಯನ್ನೂ ಔಷಧದಂಗಡಿಯವರು ಕಾರ್ಯದರ್ಶಿಯವರಿಗೆ ಕಾಣದಂತೆ ಗುರುತುಹಾಕಿಕೊಂಡದ್ದು. ಇವುಗಳಲ್ಲಿ ಒಂಬತ್ತನ್ನು ಅವರು ಆಮೇಲೆ ಅದೇ ಜಾಗಕ್ಕೆ ಹೋಗಿ ಕಣ್ಣಾರೆ ಕಂಡಿರುತ್ತಾರೆ.
3. ನೆಗ್ಗಿಲು ಮುಳ್ಳು, ಒಂದು. ಲಕೋಟೆ ತೆರೆಯುವಾಗ ಎಚ್ಚರ.

ವಿಶೇಷ ಸೂಚನೆ: ಈ ಅರ್ಜಿಯ ಮೇಲಿನ ಆದೇಶವನ್ನು ಲಿಖಿತವಾಗಿ ಕಳುಹಿಸದೆ, ತಾವೇ ಕೆಳಗಿಳಿದು ಬಂದು ಸದಸ್ಯ ಸಂಖ್ಯೆ 5ರವರ ಎದುರು ಜೋರಾಗಿ ಓದಿ ಹೇಳಬೇಕಾಗಿ ವಿನಂತಿ. ಅರ್ಜಿದಾರಳು ಓದಿ ಹೇಳಿದರೆ, ಈ ಬೇಸಿಗೆಯ ಅನುಭವದ ಮೇಲೆ, ಅವರು ನಂಬುವುದು ಕಷ್ಟ.