ಟಗರುಕೊಂಬಿನ ಪಾಠ

ತಪ್ಪೆಲ್ಲ ಹೆಡ್‌ಮೇಷ್ಟ್ರದ್ದು. ಹೊಸವರ್ಷದ ನೌರೂಜ್ ಹಬ್ಬಕ್ಕೆ ತೋರಣ ಕಟ್ಟುವ ಉಮೇದಿನಲ್ಲಿ ಶಾಲೆಯ ಬಣ್ಣದ ಕಾಗದವನ್ನೆಲ್ಲ ಕತ್ತರಿಸಿ ಮುಗಿಸಿದ್ದರು. ಹಬ್ಬ ಕಳೆದ ಮೂರನೆಯ ದಿನ ಬೆಳಿಗ್ಗೆ ಗಣಿತದ ತೆಮಿರ್ಕುಲ್ ಮೇಷ್ಟ್ರು ಬೀರು ತೆಗೆದರೆ ಒಳಗಿದ್ದದ್ದು ಒಣಗಿದ ಗೋಂದಿನ ಡಬ್ಬಿ ಮತ್ತು ಒಂದು ಸತ್ತ ನೊಣ.

ಏಳನೆಯ ತರಗತಿಯಲ್ಲಿ ಅವರ ಪಾಠ ನೋಡಲು ಇನ್ಸ್‌ಪೆಕ್ಟರ್ ನಾಸಿಪಾ ಬರುವುದು ಅವತ್ತೇ. ಹೋದ ವರ್ಷ ಆಕೆ ಬಂದಿದ್ದಾಗ ಪಾಠ ಕೇಳುತ್ತ ಇಬ್ಬರು ಮಕ್ಕಳು ನಿದ್ದೆಹೋಗಿದ್ದರು. ಮೂರನೆಯವರಾಗಿ ಆಕೆಯೇ ತೂಕಡಿಸಿದ್ದರು. ಎಚ್ಚರವಾದ ಮೇಲೆ, "ಇನ್ನೊಂದು ಸಲ ಹೀಗಾದರೆ ಕರಾ-ತೋರ್‌ಗೆ ವರ್ಗ" ಎಂದು ಬರೆದಿಟ್ಟು ಹೋಗಿದ್ದರು. ಕರಾ-ತೋರ್ ಬೆಟ್ಟದ ನೆತ್ತಿಯ ಕುರುಬರ ಹಟ್ಟಿ. ಒಂದೇ ಕೋಣೆಯ ಶಾಲೆ, ಏಳು ತಿಂಗಳು ಹಿಮ. ಮೇಷ್ಟ್ರಿಗೋ ಮಂಡಿನೋವು.

ಪಾಠ ಸಮಮಿತಿಯದು, ಎಡಬಲ ಒಂದೇ ಸಮ ಇರುವ ಆಕಾರಗಳದು. ಅವನ್ನು ನಡುವೆ ಸಂದಿಲ್ಲದಂತೆ, ಒಂದರ ಮೇಲೊಂದು ಹತ್ತದಂತೆ ಜೋಡಿಸಿ ತೋರಿಸಬೇಕು. ಕಾಗದವಿಲ್ಲದೆ ಏನು ಮಾಡುವುದು? ಮನೆಗೆ ಓಡಿದರು. ಪೆಟ್ಟಿಗೆಯ ಮೇಲೆ ಹೆಂಡತಿ ಬೂರುಲ್‌ಳ ಎರಡು ಕಂಬಳಿಗಳು ಮಡಿಸಿ ಕೂತಿದ್ದವು, ಒಂದು ಕೆಂಪು, ಒಂದು ಕಂದು. ತಂಗಿಯ ಮದುವೆಗೆಂದು ಚಳಿಗಾಲವೆಲ್ಲ ಉಣ್ಣೆ ಬಡಿದು, ಬಿಸಿನೀರು ಹೊಯ್ದು, ತುಳಿದು ತುಳಿದು ಮಾಡಿದ ಕಂಬಳಿಗಳು. ಬೂರುಲ್ ಬೆಳಗಿನ ಬಸ್ಸಿಗೆ ನರೀನ್ ಪೇಟೆಗೆ ಹೋಗಿದ್ದಳು. 'ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಯೋದು, ಸಂಜೆಗೆ ಕೊಡವಿ ಇಡೋದು. ಯಾರಿಗೆ ಗೊತ್ತಾಗುತ್ತೆ?' ಎಂದುಕೊಂಡು ಮೇಷ್ಟ್ರು ಎರಡನ್ನೂ ಹೆಗಲಿಗೇರಿಸಿದರು.

ಬೀದಿ ಕೊನೆಯಲ್ಲೇ ಐಮ್ಕಾನಕ್ಕ ಸಿಕ್ಕಳು. ಊರಿನ ಉಣ್ಣೆ ಹಾಸುಗಳಿಗೆಲ್ಲ ಚಿತ್ತಾರ ಕತ್ತರಿಸುವುದು ಅವಳ ಕೈ. ಊರಿನ ಸುದ್ದಿಯನ್ನೆಲ್ಲ ಕತ್ತರಿಸುವುದು ಅವಳ ಬಾಯಿ.

"ಏನಪ್ಪಾ ತೆಮಿರ್ಕುಲ್, ಹೆಂಡ್ತಿ ಕಂಬ್ಳಿ ಹೊತ್ಕೊಂಡು ಹೊರಟಿದೀಯ? ಮನೆಯಿಂದ ಹೊರಗೆ ಹಾಕಿದ್ಲಾ?"

"ಇಲ್ಲಕ್ಕ, ಪಾಠಕ್ಕೆ."

"ಕಂಬ್ಳೀಲಿ ಪಾಠಾನಾ? ಮಕ್ಕಳನ್ನ ಮಲಗಿಸೋಕೆ ನಿಂಗೆ ಕಂಬ್ಳಿ ಬೇರೆ ಬೇಕಾ?"

ಹಾಗಂದವಳು ಸುಮ್ಮನೆ ಮನೆಗೆ ಹೋಗಲಿಲ್ಲ. ಮೇಷ್ಟ್ರ ಹಿಂದೆಯೇ ಬಂದು ಕೊನೆಯ ಬೆಂಚಿನಲ್ಲಿ, ಇನ್ಸ್‌ಪೆಕ್ಟರ್ ಪಕ್ಕದಲ್ಲೇ, ಮದುವೆಮನೆಗೆ ಬಂದವಳ ಹಾಗೆ ಕೂತಳು.

ಮೇಷ್ಟ್ರು ಕಂದು ಕಂಬಳಿಯ ಮೇಲೆ ಕೆಂಪು ಕಂಬಳಿ ಹಾಸಿ, ಸ್ಕೇಲು ಇಟ್ಟು ಊರಿನ ಹಾಸುಗಳ ಮೇಲಿರುವ ಟಗರುಕೊಂಬಿನ ಚಿತ್ತಾರ ಬರೆದರು.

"ಇದೇನು?" ಐಮ್ಕಾನಕ್ಕ ಎದ್ದು ನಿಂತಳು.

"ಟಗರುಕೊಂಬು."

"ಇಷ್ಟು ನೆಟ್ಟಗೆ ಕೊಂಬಿರೋ ಟಗರು ಯಾವೂರಲ್ಲಿದೆಯಪ್ಪಾ? ಇದು ಕುರ್ಚಿ ಕಾಲು!"

ತರಗತಿ ಗೊಳ್ಳೆಂದಿತು. ಅಕ್ಕ ಬಂದು ಸೀಮೆಸುಣ್ಣ ಕಿತ್ತುಕೊಂಡು, ಸ್ಕೇಲಿಲ್ಲ ಗೀಲಿಲ್ಲ, ಒಂದೇ ಉಸಿರಿನಲ್ಲಿ ಸುರುಳಿ ಸುರುಳಿ ಕೊಂಬು ಎಳೆದಳು. ಮಧ್ಯದ ಗೆರೆಯ ಎಡಕ್ಕೆ ಹೇಗೋ ಬಲಕ್ಕೂ ಹಾಗೇ, ಕೂದಲೆಳೆ ತಪ್ಪಿಲ್ಲ. ಮಕ್ಕಳು ಬೆಂಚು ಬಿಟ್ಟು ಮುಂದೆ ಬಂದರು. ಯಾರೂ ಮಲಗಿರಲಿಲ್ಲ.

"ಚೆನ್ನಾಗಿದೆ," ನಾಸಿಪಾ ಕನ್ನಡಕ ಏರಿಸಿದರು. "ಆದ್ರೆ ಮೇಷ್ಟ್ರೇ, ಒಂದರೊಳಗೊಂದು ಸಂದಿಲ್ಲದೆ ಕೂರುತ್ತೆ ಅಂತ ಹೇಳಿದ್ರೆ ಸಾಲ್ದು. ತೋರ್ಸಿ."

"ತೋರ್ಸೋದು ಅಂದ್ರೆ..."

"ಅಂದ್ರೆ ಕತ್ತರಿಸ್ಬೇಕು," ಎನ್ನುತ್ತ ಐಮ್ಕಾನಕ್ಕ ಬೂಟಿನೊಳಗಿಂದ ಚೂರಿ ಎಳೆದಳು.

ಮೇಷ್ಟ್ರ ಕಣ್ಣ ಮುಂದೆ ಒಂದು ಕಡೆ ಬೂರುಲ್ ನಿಂತಳು, ಇನ್ನೊಂದು ಕಡೆ ಕರಾ-ತೋರ್ ನಿಂತಿತು. ಇಬ್ಬರಲ್ಲಿ ಯಾರು ಹೆಚ್ಚು ತಣ್ಣಗೆ ಕೊಲ್ಲುತ್ತಾರೆಂದು ಲೆಕ್ಕ ಹಾಕಿದರು. ಮಂಡಿ ಚುಳ್ಳೆಂದಿತು.

"ಕತ್ತರಿಸಿ ಅಕ್ಕ," ಎಂದು ಕಣ್ಣು ಮುಚ್ಚಿದರು.

ಎರಡೂ ಕಂಬಳಿ ಸೇರಿಸಿ ಒಂದೇ ಕೊಯ್ತ. ಅಕ್ಕ ಕೆಂಪು ಕೊಂಬನ್ನೆತ್ತಿ ಕಂದಿನ ತೂತಿಗೆ ಇಟ್ಟಳು, ಕಂದು ಕೊಂಬನ್ನು ಕೆಂಪಿನ ತೂತಿಗೆ. ಬೀಗಕ್ಕೆ ಕೀಲಿ ಬಿದ್ದ ಹಾಗೆ ಕೂತವು. ಒಂದು ಚೂರು ಮಿಗಲಿಲ್ಲ, ಒಂದು ಚೂರು ಸಾಲದೆ ಬರಲಿಲ್ಲ. ಮಕ್ಕಳು ಕುಣಿದಾಡಿದರು. ಮೇಷ್ಟ್ರಿಗೂ ಹುರುಪು ಹತ್ತಿತು. "ನೋಡ್ರೋ! ಕೆಂಪು ಎಲ್ಲಿ ಮುಗಿಯುತ್ತೋ ಕಂದು ಅಲ್ಲೇ ಶುರು! ನಡುವೆ ಇರುವೆ ಕಾಲಿಡೋಕೂ ಜಾಗ ಇಲ್ಲ!" ಎಂದು ಕೂಗಿದರು. ಇಪ್ಪತ್ತು ವರ್ಷದಲ್ಲಿ ಅವರ ದನಿ ಅಷ್ಟು ಏರಿದ್ದು ಅದೇ ಮೊದಲು.

ನಾಸಿಪಾ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಿದ್ಧಮಾಡಿ ತಂದಿದ್ದ ವರ್ಗದ ಕಾಗದವನ್ನು ಚೀಲದಿಂದ ತೆಗೆದು ಎಲ್ಲರೆದುರೇ ಹರಿದರು. ಅದೇ ಕೈಯಲ್ಲಿ ಕಂಬಳಿಗಳನ್ನೂ ಸುರುಳಿ ಸುತ್ತಿ ಎತ್ತಿಕೊಂಡರು.

"ಇವು ಜಿಲ್ಲೆ ಪ್ರದರ್ಶನಕ್ಕೆ."

"ಮೇಡಂ, ಅದು ನಮ್ಮನೆಯವಳ..."

"ಅವರಿಗೂ ನನ್ನ ಅಭಿನಂದನೆ ತಿಳಿಸಿ!" ಕಾರು ಹೊರಟೇಹೋಯಿತು.

ಸಂಜೆ ಬೂರುಲ್ ಬಸ್ಸಿಳಿಯುವ ಮೊದಲೇ ಐಮ್ಕಾನಕ್ಕ ನಿಲ್ದಾಣದಲ್ಲಿದ್ದಳು. ಹಾಗಾಗಿ ಮೇಷ್ಟ್ರಿಗೆ ಸುದ್ದಿ ಹೇಳುವ ಕಷ್ಟ ತಪ್ಪಿತು.

"ಏನಾದ್ರೇನೇ, ಕರಾ-ತೋರ್ ತಪ್ಪಿತಲ್ಲ," ಮೇಷ್ಟ್ರು ಒಲೆಯ ಹಿಂದಿನಿಂದ ಹೇಳಿದರು. ಬೂರುಲ್ ಉಣ್ಣೆ ಬಡಿಯುವ ಕೋಲು ಎಲ್ಲಿದೆಯೆಂದು ಹುಡುಕುತ್ತಿದ್ದಳು.

ಅಷ್ಟರಲ್ಲಿ ಹೆಡ್‌ಮೇಷ್ಟ್ರು ಓಡೋಡಿ ಬಂದರು. "ತೆಮಿರ್ಕುಲ್, ನಿನ್ನ ಅದೃಷ್ಟ ಖುಲಾಯಿಸ್ತು! ಇನ್ಸ್‌ಪೆಕ್ಟರ್ ಈಗಷ್ಟೇ ಫೋನ್ ಮಾಡಿದ್ರು. ಇಂಥಾ ಮೇಷ್ಟ್ರು ಇಲ್ಲಿ ಸುಮ್ಮನೆ ಕೂತು ಹಾಳಾಗಬಾರದಂತೆ. ಒಳ್ಳೆ ಮೇಷ್ಟ್ರನ್ನ ಕಂಡೇ ಇರದ ಮಕ್ಕಳ ಹತ್ರ ಕಳಿಸ್ತಾರಂತೆ. ಸೋಮವಾರದಿಂದ ಕರಾ-ತೋರ್! ಶಿಕ್ಷೆ ಅಲ್ಲವೋ ಮಾರಾಯ, ಗೌರವ!"

ಮೇಷ್ಟ್ರು ಆಸೆಯಿಂದ ಹೆಂಡತಿಯ ಮುಖ ನೋಡಿದರು. ಬೂರುಲ್ ಒಂದು ಸಲ ಬಾಯಿ ಮಾಡಿದರೆ ಜಿಲ್ಲಾ ಕಚೇರಿಯೇ ಅಲ್ಲಾಡುತ್ತದೆಂದು ಇಡೀ ಊರಿಗೆ ಗೊತ್ತು.

ಬೂರುಲ್ ಆಗಷ್ಟೇ ಕೈಗೆ ಸಿಕ್ಕಿದ್ದ ಕೋಲು ಕೆಳಗಿಟ್ಟಳು. "ಅಲ್ಲಿ ಕುರಿ ಎಷ್ಟಿದಾವೆ ಸಾರ್?"

"ಎರಡು ಸಾವಿರಕ್ಕೆ ಮೋಸ ಇಲ್ಲಮ್ಮ."

ಅವಳು ಒಳಗೆ ಹೋಗಿ ಗಂಡನ ಬೂಟು, ದಪ್ಪ ಟೋಪಿ, ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದು ಚೀಲಕ್ಕೆ ತುರುಕಿದಳು.

"ಸೋಮವಾರ ಯಾಕ್ರೀ? ನಾಳೆನೇ ಹೊರಡಿ. ಎರಡು ಕಂಬ್ಳಿಗಾಗುವಷ್ಟು ಉಣ್ಣೆ ಕೂಡೋತನಕ ಕೆಳಗಿಳಿದು ಬಂದ್ರೆ ನೋಡಿ!"